ಸ್ವತಂತ್ರ ಪಕ್ಷವೂ ಅಮೆರಿಕದ ಕನ್ಸರ್ವೆಟಿವರೂ

‘ಕನ್ಸರ್ವೆಟಿವ್’ ಎಂಬ ಮಾತಿಗೆ ಒಪ್ಪುವ ಕನ್ನಡ ಪದವು ಇನ್ನೂ ನೆಲೆಗೊಂಡಿಲ್ಲ. ‘ಸಂಪ್ರದಾಯವಾದಿ’ ಎಂದರೆ ಮಡಿ-ಮೈಲಿಗೆಗಳ ನೆನಪಾಗುತ್ತದೆ; ‘ಯಥಾಸ್ಥಿತಿವಾದಿ’ ಎಂದರೆ ಬೈಗುಳವೇ ಆಗಿಬಿಡುತ್ತದೆ. ಹೀಗಿರುವಾಗ ಅಮೆರಿಕದಲ್ಲಿ ಆ ಪಂಥವು ಕ್ಷೀಣಿಸಿತು, ರೂಪಾಂತರ ಹೊಂದಿತು ಎಂಬ ಮಾತನ್ನು ತೂಗುವ ಮುನ್ನ, ನಮ್ಮಲ್ಲಿಯೇ ನಡೆದುಹೋದ ಒಂದು ಪ್ರಯೋಗವನ್ನು ಪಕ್ಕದಲ್ಲಿರಿಸಿಕೊಂಡು ನೋಡುವುದು ಉಚಿತವೆಂದು ತೋರುತ್ತದೆ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರೀ ಜಂಟಿ ಬೇಸಾಯದ ನಿರ್ಣಯವನ್ನು ಅಂಗೀಕರಿಸಿತು. ಅದೇ ಜೂನಿನಲ್ಲಿ ಮದರಾಸಿನಲ್ಲಿ ಸ್ವತಂತ್ರ ಪಕ್ಷವು ಘೋಷಿತವಾಗಿ, ಆಗಸ್ಟಿನಲ್ಲಿ ಅದರ ಸಮ್ಮೇಳನವು ನಮ್ಮ ಮುಂಬಯಿಯಲ್ಲಿ ಜರುಗಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ರಾಜಾಜಿ, ರೈತನಾಯಕ ರಂಗಾ, 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲೊಬ್ಬರಾದ ಮಸಾನಿ, ಮುಂದೆ ಜಯಪುರದ ಮಹಾರಾಣಿ—ಇವರನ್ನೆಲ್ಲ ಒಂದುಗೂಡಿಸಿದ್ದು ಹೊಲ-ಅಂಗಡಿಗಳ ಮೇಲೆ ಸರ್ಕಾರದ ಕೈ ಬೀಳುವುದೆಂಬ ಭಯ. 1967ರಲ್ಲಿ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನಗಳು ದೊರೆತವು. 1957ರಲ್ಲಿ ಪ್ರಜಾ ಸಮಾಜವಾದಿಯಾಗಿ ಚಿತ್ರದುರ್ಗದಿಂದ ಗೆದ್ದಿದ್ದ ಜೆ. ಮೊಹಮದ್ ಇಮಾಂ ಈ ಸಲ ಸ್ವತಂತ್ರದವರಾಗಿ ಗೆದ್ದರು! 1971ರಲ್ಲಿ ಉಳಿದದ್ದು 8. 1974ರಲ್ಲಿ ಪಕ್ಷವು ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು.

ಅದು ಸೋತುದೇಕೆ? ವಿಠ್ಠಲವಾಡಿಯಲ್ಲಿ ಕುಳಿತು ಯೋಚಿಸುವವನಿಗೆ ಇದು ದೂರದ ಪ್ರಶ್ನೆಯಲ್ಲ. ಅಂಬರನಾಥದ ಶಸ್ತ್ರಾಸ್ತ್ರ ಕಾರ್ಖಾನೆ, ಕಲ್ಯಾಣದ ರೈಲ್ವೆ—ಇವು ಸರ್ಕಾರದ ಸಂಬಳ ನೀಡಿದವು. ಆದರೆ ಉಡುಪಿ ಹೋಟೆಲಿನ ಯಜಮಾನನು ರಾಜಾಜಿಯವರು ಹಳಿದ ‘ಪರ್ಮಿಟ್-ಲೈಸೆನ್ಸ್ ರಾಜ್ಯ’ವನ್ನು ಕಚೇರಿಯ ಕಿಟಕಿಯ ಮುಂದೆ ನಿಂತು ಬಲ್ಲವನು. ಅವನು ಆ ಪಕ್ಷದ ಮತದಾರನಾಗಬೇಕಿತ್ತು. ಪಕ್ಷದ ಮಾತಿನಲ್ಲಿ ಅವನ ದೂರು ಕೇಳಿಸಿತು, ನಿಜ. ವೇದಿಕೆಯ ಮೇಲೆ ಕಂಡವರು ಮಾತ್ರ ಅರಸರು, ಉದ್ಯಮಪತಿಗಳು. ಅದಕ್ಕಿಂತ ಕಠಿನವಾದುದು ಭೂಮಿಯ ಪ್ರಶ್ನೆ. ಪಕ್ಷ ಕರಗಿದ 1974ರಲ್ಲಿಯೇ ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿಯ ಮನೆಯವನೂ ಒಡೆಯನ ಮನೆಯವನೂ ಇಲ್ಲಿ ಒಂದೇ ಲೋಕಲ್ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು. ‘ಆಸ್ತಿಯ ಹಕ್ಕು’ ಎಂಬ ಮಾತು ಒಬ್ಬನಿಗೆ ಸ್ವಾತಂತ್ರ್ಯ, ಇನ್ನೊಬ್ಬನಿಗೆ ಒಕ್ಕಲೆಬ್ಬಿಸುವ ನೋಟೀಸು. ಈ ಭೇದವನ್ನು ಪಕ್ಷವು ಮನಗಾಣಲಿಲ್ಲವೆಂಬುದೇ ನನ್ನ ಮುಖ್ಯ ಆಕ್ಷೇಪ.

ಅಮೆರಿಕದಲ್ಲಿಯೂ ಮೊದಲು ನಡೆದದ್ದು ಇಂಥದೇ ಕೂಡಿಕೆ. 1955ರಲ್ಲಿ ಬಕ್ಲಿ ‘ನ್ಯಾಷನಲ್ ರಿವ್ಯೂ’ ಆರಂಭಿಸಿ ಮುಕ್ತ ವ್ಯಾಪಾರಿಗಳನ್ನೂ ಧರ್ಮನಿಷ್ಠರನ್ನೂ ಕಮ್ಯೂನಿಸ್ಟ್ ವಿರೋಧಿಗಳನ್ನೂ ಒಂದೆಡೆ ತಂದರು. 1964ರಲ್ಲಿ ಗೋಲ್ಡ್‌ವಾಟರ್ ಆರೇ ರಾಜ್ಯಗಳನ್ನು ಗೆದ್ದರು. 1980ರಲ್ಲಿ ರೇಗನ್ ಅಧ್ಯಕ್ಷರಾಗಿ ಚುನಾಯಿತರಾದರು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಕಟ್ಟಿದ ಹಗ್ಗವೇ ಸಡಿಲವಾಯಿತು. ರೇಗನ್ನರು ಮುಕ್ತ ವ್ಯಾಪಾರವನ್ನು ಹೊಗಳಿದ ಪಕ್ಷದಿಂದಲೇ ಬಂದ ಟ್ರಂಪರು 2018ರಲ್ಲಿ ಉಕ್ಕು-ಅಲ್ಯೂಮಿನಿಯಂಗಳ ಮೇಲೆ ಸುಂಕ ಹೇರಿದರು. ನಮ್ಮಲ್ಲಿ ಪಕ್ಷ ಅಳಿದ ಮೇಲೆ, ಅದೇ 1991ರಲ್ಲಿ, ಕಾಂಗ್ರೆಸ್ ಸರ್ಕಾರವೇ ಲೈಸೆನ್ಸುಗಳನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಅಲ್ಲಿ ಪಕ್ಷ ಉಳಿದಿದೆ, ವಿಚಾರ ಬೇರೆಯಾಗಿದೆ.

1890ರ ಮೆಕಿನ್ಲಿ ಸುಂಕವೂ ರಿಪಬ್ಲಿಕನ್ನರದೇ, ಇದು ಹಳೆಯ ದಾರಿಗೆ ಮರಳಿಕೆ ಎನ್ನುವವರಿದ್ದಾರೆ. ಇರಬಹುದು. ಅಭಿಪ್ರಾಯ ಬದಲಿಸುವುದು ದೋಷವಲ್ಲ. 1937ರ ಬಳಿಕ ಮದರಾಸಿನ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಹೊರಟ ರಾಜಾಜಿಯೇ 1965ರ ವೇಳೆಗೆ ಅದರ ಹೇರಿಕೆಯನ್ನು ವಿರೋಧಿಸಿದರು. ಆದರೆ ಕಾರಣಗಳನ್ನು ಬಹಿರಂಗವಾಗಿ ವಾದಿಸಿದರು. ಸುಂಕದ ವಿಷಯದಲ್ಲಿ ರಿಪಬ್ಲಿಕನ್ ಮುಖಂಡರಲ್ಲಿ ಬಹುಮಂದಿ ಆ ಗೋಜಿಗೇ ಹೋಗಲಿಲ್ಲ.