‘ಶಲ್’ ಎಂಬ ಜಾರುಬಂಡೆ

ನಮ್ಮ ಹೊಲದ ಬದುವಿನ ಕೇಸು ಶುರುವಾದ ವರ್ಷ ನಾನು ಅಪ್ಪನಿಗೆ ಒಂದು ಸುಳ್ಳು ಹೇಳಿದೆ. ಬೇಕಂತಲೇ ಹೇಳಿದ್ದಲ್ಲ, ಇಂಗ್ಲಿಷ್ ಬರುತ್ತೆ ಅನ್ನೋ ಧೈರ್ಯದ ಮೇಲೆ ಹೇಳಿದ್ದು.

ಪಕ್ಕದ ಹೊಲದವರಿಗೆ ಸಮನ್ಸ್ ಜಾರಿಯಾಗಿತ್ತು. “ಅವರು ಯಾವಾಗ ಉತ್ರ ಕೊಡ್ತಾರಂತೆ?” ಅಂತ ಅಪ್ಪ ಫೋನಿನಲ್ಲಿ ಕೇಳಿದರು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ತೆಗೆದು ಓದಿದೆ. ಸಮನ್ಸ್ ತಲುಪಿದ 30 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟು ಕಾರಣ ಬರೆದಿಟ್ಟು ಹೆಚ್ಚಿನ ದಿನ ಕೊಡಬಹುದು, ಆದರೆ ಅದು 90 ದಿನ ಮೀರುವ ಹಾಗಿಲ್ಲ. ಎರಡೂ ಕಡೆ ‘ಶಲ್’ ಅನ್ನೋ ಪದವಿತ್ತು. “ಹೆಚ್ಚಂದ್ರೆ ಮೂರು ತಿಂಗ್ಳು ಅಪ್ಪ, ಕಾನೂನಲ್ಲೇ ಬರೆದಿದೆ” ಅಂದೆ. ಅವರ ಉತ್ತರ ಬಂದದ್ದು ಹನ್ನೊಂದನೇ ತಿಂಗಳಲ್ಲಿ. ಕೋರ್ಟು ಅದನ್ನು ತಗೊಂಡಿತು. “ಬರೆದಿದೆ ಅಂದ್ಯಲ್ಲೋ?” ಅಂತ ಅಪ್ಪ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ವಕೀಲರು ಮಾತ್ರ ನಕ್ಕು, “ನಿಮ್ಮ ಮಗ ಇಂಗ್ಲಿಷ್ ಓದಿದ್ದಾನೆ, ಕಾನೂನು ಓದಿಲ್ಲ” ಅಂದರಂತೆ.

ನಾನು ಆ ಪದವನ್ನು ನನ್ನ ಕಸುಬಿನ ಕಣ್ಣಲ್ಲಿ ಓದಿದ್ದೇ ತಪ್ಪಾಯಿತು. ಇಂಟರ್‌ನೆಟ್ಟಿನ ನಿಯಮಗಳನ್ನು ಬರೆಯುವವರಿಗೂ ಇದೇ ತಲೆನೋವಿತ್ತು. ಅದಕ್ಕೇ 1997ರ ಮಾರ್ಚಿನಲ್ಲಿ ಸ್ಕಾಟ್ ಬ್ರಾಡ್ನರ್ ಎಂಬವರು ಆರ್‌ಎಫ್‌ಸಿ 2119 ಅನ್ನುವ ಮೂರೇ ಪುಟದ ದಾಖಲೆ ಬರೆದರು. ‘ಮಸ್ಟ್’ ಮತ್ತು ‘ಶಲ್’ ಅಂದರೆ ಮಾಡಲೇಬೇಕು, ಬೇರೆ ಮಾತಿಲ್ಲ. ‘ಶುಡ್’ ಅಂದರೆ ಮಾಡುವುದು ಸರಿ; ಬಿಡಲು ಕಾರಣವಿದ್ದರೆ ಪರಿಣಾಮವನ್ನೆಲ್ಲ ಯೋಚಿಸಿ ಬಿಡಬಹುದು. ‘ಮೇ’ ಅಂದರೆ ನಿಮ್ಮಿಷ್ಟ. ಅಷ್ಟೇ. ನಮ್ಮ ಲೋಕದಲ್ಲಿ ‘ಶಲ್’ ಅಂತ ಬರೆದದ್ದನ್ನು ಮಾಡದಿದ್ದರೆ ನಿಮ್ಮ ಪ್ರೋಗ್ರಾಮು ಆ ನಿಯಮಕ್ಕೆ ಹೊರಗು.

ಕಾನೂನಿನಲ್ಲಿ ಹಾಗಲ್ಲ. ವಕೀಲರ ಕಪಾಟಿನಲ್ಲಿರುವ ಬ್ಲ್ಯಾಕ್ಸ್ ಲಾ ಡಿಕ್ಷನರಿ ಈ ಒಂದು ಪದಕ್ಕೆ ಐದು ಅರ್ಥ ಕೊಡುತ್ತದೆ: ಮಾಡುವ ಕರ್ತವ್ಯವಿದೆ, ಮಾಡುವುದು ಒಳ್ಳೆಯದು, ಮಾಡಬಹುದು, ಮುಂದೆ ಮಾಡುತ್ತದೆ, ಮಾಡುವ ಹಕ್ಕಿದೆ. ಕರ್ತವ್ಯವೂ ಅದೇ, ಹಕ್ಕೂ ಅದೇ! ಇಂಗ್ಲೆಂಡಿನಲ್ಲಿ 1880ರ ಜೂಲಿಯಸ್ ಪ್ರಕರಣ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. ದೂರು ಬಂದಾಗ ಬಿಷಪ್ಪರು ವಿಚಾರಣೆ ನಡೆಸುವುದು ‘ಶಲ್ ಬಿ ಲಾಫುಲ್’ ಅಂತ ಕಾಯಿದೆಯಲ್ಲಿತ್ತು. ನಡೆಸಲೇಬೇಕು ಅಂತ ದೂರುದಾರ, ನಡೆಸಬಹುದು ಅಂತ ಬಿಷಪ್. ಗೆದ್ದದ್ದು ಬಿಷಪ್. ಅಲ್ಲಿ ‘ಶಲ್’ ಇದ್ದೂ ಅದರ ಅರ್ಥ ‘ಬಹುದು’ ಅಂತಾಯಿತು.

ನಮ್ಮಲ್ಲೂ ಸಂವಿಧಾನ ಬಂದ ಏಳೇ ವರ್ಷಕ್ಕೆ ಈ ಪ್ರಶ್ನೆ ಎದ್ದಿತು. ಸರಕಾರಿ ನೌಕರರ ಶಿಸ್ತುಕ್ರಮದ ವಿಷಯದಲ್ಲಿ ಲೋಕಸೇವಾ ಆಯೋಗವನ್ನು ಕೇಳಬೇಕು ಅಂತ 320ನೇ ವಿಧಿ ಹೇಳುತ್ತದೆ, ‘ಶಲ್’ ಹಾಕಿಯೇ. 1957ರಲ್ಲಿ ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇದು ದಾರಿ ತೋರಿಸುವ ಮಾತು, ಕಟ್ಟುನಿಟ್ಟಿನದ್ದಲ್ಲ; ಕೇಳದೇ ಹೋದ ಮಾತ್ರಕ್ಕೆ ಕ್ರಮ ಬಿದ್ದುಹೋಗುವುದಿಲ್ಲ ಅಂದಿತು. ನಮ್ಮ ಬದುವಿನ ಕೇಸಿನಲ್ಲಿ ನನ್ನ ಮೂರು ತಿಂಗಳನ್ನು ನುಂಗಿದ್ದು ಇದೇ ದಾರಿಯಲ್ಲಿ ಬಂದ 2005ರ ಕೈಲಾಶ್ ಪ್ರಕರಣ. 90 ದಿನ ಅನ್ನುವುದು ಮಾರ್ಗದರ್ಶಕ, ಅಪರೂಪದ ಸಂದರ್ಭದಲ್ಲಿ ಮೀರಬಹುದು ಅಂತ ಅಲ್ಲಿ ತೀರ್ಮಾನವಾಯಿತು. ‘ಅಪರೂಪ’ ಅನ್ನುವುದು ತಾಲ್ಲೂಕು ಕೋರ್ಟಿಗೆ ಬರುವಷ್ಟರಲ್ಲಿ ವಾಡಿಕೆಯಾಗಿಬಿಟ್ಟಿದ್ದು ಬೇರೆ ಕಥೆ.

ಇಷ್ಟು ಓದಿದ ಮೇಲೆ ನ್ಯಾಯಾಧೀಶರನ್ನು ಬೈಯ್ಯೋದು ಸುಲಭ. ನಾನೂ ಸ್ವಲ್ಪ ದಿನ ಬೈದೆ. ಆಮೇಲೆ ನಮ್ಮ ಚಿಕ್ಕಪ್ಪನ ಮೇಲೇ ಒಂದು ದಾವೆ ಬಿತ್ತು. ಆಗ ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದರು. ಸಮನ್ಸ್ ಕಾಗದ ಗೋಡೆಯ ಗೂಡಲ್ಲೇ ಉಳಿಯಿತು. ವಕೀಲರ ಹತ್ತಿರ ಹೋಗುವಷ್ಟರಲ್ಲಿ ನೂರು ದಿನ ದಾಟಿತ್ತು. ಕೋರ್ಟು ಚೂರು ದಂಡ ಹಾಕಿ ಉತ್ತರ ತಗೊಂಡಿತು. ‘ಶಲ್’ ಅಂದರೆ ನಾನು ಅಂದುಕೊಂಡದ್ದೇ ಆಗಿದ್ದರೆ, ಚಿಕ್ಕಪ್ಪ ಒಂದು ಮಾತೂ ಆಡದೆ ಜಮೀನು ಕಳಕೊಳ್ಳಬೇಕಿತ್ತು. ಹಾಗಾಗಿ ನನ್ನ ತಕರಾರು ಕೋರ್ಟಿನ ಕರುಣೆಯ ಮೇಲಲ್ಲ. ಕಾನೂನು ಬರೆಯುವವರ ಮೇಲೆ. ಗಟ್ಟಿ ಮಾತು ಯಾವುದು, ಮೆತ್ತನೆ ಮಾತು ಯಾವುದು ಅಂತ ಮೊದಲೇ ಹೇಳದೆ, ಎರಡಕ್ಕೂ ಒಂದೇ ಪದ ಬಳಸಿ, ಅರ್ಥ ಹುಡುಕುವ ಕೆಲಸವನ್ನು ಕಕ್ಷಿದಾರನ ಖರ್ಚಿಗೆ ಬಿಡುವುದು ಯಾವ ನ್ಯಾಯ?

ಪದವನ್ನು ಕಿತ್ತು ಹಾಕಿದರೆ ಸರಿಹೋಗುತ್ತಾ? 1996ರ ದಕ್ಷಿಣ ಆಫ್ರಿಕಾದ ಸಂವಿಧಾನ ‘ಶಲ್’ ಬದಲು ‘ಮಸ್ಟ್’ ಬಳಸಿತು. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗಲೂ ‘ಶಲ್’ಗೆ ಗೇಟ್‌ಪಾಸ್ ಕೊಟ್ಟರು. ಆದರೆ ಅಲ್ಲಿನ 56ನೇ ನಿಯಮದಲ್ಲಿ ಅದನ್ನು ‘ಶುಡ್’ ಮಾಡಿದ್ದರಿಂದ ಗೊಂದಲವಾಗಿ, 2010ರಲ್ಲಿ ಮತ್ತೆ ‘ಶಲ್’ ಅನ್ನೇ ಕರೆದು ಕೂರಿಸಿದರು. ಹಳೆಯ ತೀರ್ಪುಗಳೆಲ್ಲ ಆ ಪದಕ್ಕೆ ಅಂಟಿಕೊಂಡಿದ್ದವು. ನಮ್ಮ ಹಳೇ ಕೋಡ್‌ನಲ್ಲಿ ಯಾವನೋ ಇಟ್ಟ ಕೆಟ್ಟ ಹೆಸರನ್ನು ಬದಲಾಯಿಸಲು ಹೋಗಿ ಹತ್ತು ಕಡೆ ಒಡೆದುಹೋಗುತ್ತಲ್ಲ, ಹಾಗೆ.

ಇನ್ನು ಕನ್ನಡ. ನಮ್ಮ ಕಾಯಿದೆಗಳ ಅನುವಾದದಲ್ಲಿ ‘ಶಲ್’ ಬಂದಲ್ಲೆಲ್ಲ ‘ತಕ್ಕದ್ದು’ ಕೂತಿದೆ: ಸಲ್ಲಿಸತಕ್ಕದ್ದು, ಪಾವತಿಸತಕ್ಕದ್ದು, ಹಾಜರಾಗತಕ್ಕದ್ದು. ಮನೆಯಲ್ಲಿ ಯಾರಾದರೂ “ನೀನು ಊಟಕ್ಕೆ ಬರತಕ್ಕದ್ದು” ಅಂತಾರಾ? ತಕ್ಕ ಅಂದರೆ ಯೋಗ್ಯವಾದ, ಹೊಂದುವ. ತಕ್ಕ ವರ, ತಕ್ಕ ಬೆಲೆ, ತಕ್ಕ ಶಾಸ್ತಿ. ಬೇರಿನ ಅರ್ಥ ಹಿಡಿದರೆ ‘ಸಲ್ಲಿಸತಕ್ಕದ್ದು’ ಅಂದರೆ ಸಲ್ಲಿಸುವುದು ತಕ್ಕುದಾದದ್ದು, ಅಂದರೆ ಆರ್‌ಎಫ್‌ಸಿಯ ‘ಶುಡ್’! ಹಳೆಯ ಇಂಗ್ಲಿಷಿನಲ್ಲಿ ‘ಶಲ್’ನ ಮೂಲ ಅರ್ಥ ಸಾಲ ಇರುವುದು, ಕೊಡಬೇಕಾಗಿರುವುದು. ಅವರ ಪದದಲ್ಲಿ ಋಣವಿದೆ, ನಮ್ಮ ಪದದಲ್ಲಿ ಔಚಿತ್ಯವಿದೆ. ಅನುವಾದಕರು ಅಪ್ಪಣೆಯ ಗತ್ತು ತರಲು ಹೋಗಿ, ಊರವರಿಗೆ ಅರ್ಥವಾಗದ, ಬೇರಿನಲ್ಲಿ ಮೆತ್ತಗಿರುವ ಪದವನ್ನು ಹಿಡಿದರು. ಆಡುಮಾತಿನಲ್ಲಿ ‘ಬೇಕು’ ಇದೆ, ‘ಲೇಬೇಕು’ ಇದೆ, ‘ಬಹುದು’ ಇದೆ, ‘ಕೂಡದು’ ಇದೆ. ‘ಸಲ್ಲಿಸಬೇಕು’ ಮತ್ತು ‘ಸಲ್ಲಿಸಲೇಬೇಕು’ ನಡುವಿನ ಆ ‘ಲೇ’ ಇದೆಯಲ್ಲ, ಇಂಗ್ಲಿಷಿನವರು ನೂರಾರು ವರ್ಷ ಕೋರ್ಟಿನಲ್ಲಿ ಹುಡುಕಿದ ವ್ಯತ್ಯಾಸವೇ ಅದು. ಒಂದೇ ಅಕ್ಷರದಲ್ಲಿ ನಮ್ಮ ಕೈಯಲ್ಲಿತ್ತು, ಬಳಸಲಿಲ್ಲ.

ಆದರೆ ‘ಲೇ’ ಒಂದೇ ಸಾಲದು ಅಂತ ಗೊತ್ತಾಗಿದ್ದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ನೋಡಿದಾಗ. ವಾಣಿಜ್ಯ ವ್ಯಾಜ್ಯಗಳ ಮಟ್ಟಿಗೆ ಅದು ಇದೇ 1ನೇ ನಿಯಮವನ್ನು ತಿದ್ದಿ ಒಂದು ಮಾತು ಸೇರಿಸಿತು: 120 ದಿನ ದಾಟಿದರೆ ಪ್ರತಿವಾದಿ ಉತ್ತರ ಕೊಡುವ ಹಕ್ಕನ್ನೇ ಕಳಕೊಳ್ಳುತ್ತಾನೆ, ಕೋರ್ಟು ಅದನ್ನು ದಾಖಲೆಗೆ ತಗೊಳ್ಳುವಂತಿಲ್ಲ. ಅದೇ ‘ಶಲ್’, ಆದರೆ ತಪ್ಪಿದರೆ ಏನು ಅಂತ ಪಕ್ಕದಲ್ಲೇ ಬರೆದಿದ್ದಾರೆ. 2019ರಲ್ಲಿ ಸುಪ್ರೀಂ ಕೋರ್ಟು ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ, ಇದು ಕಟ್ಟುನಿಟ್ಟು, ಒಂದು ದಿನವೂ ಜಗ್ಗುವಂತಿಲ್ಲ ಅಂದಿತು.

ಅಂದರೆ ಸ್ಪಷ್ಟವಾಗಿ ಬರೆಯಲು ಬರುವುದಿಲ್ಲ ಅಂತಲ್ಲ. ವ್ಯಾಪಾರದವರ ಕಾಲಕ್ಕೆ ಬೆಲೆ ಇದೆ ಅನಿಸಿದಾಗ ಬರೆದರು. ಹೊಲದ ಬದುವಿಗೆ ಬಡಿದಾಡುವವನ ಕಾಲಕ್ಕೆ ಹಳೆಯ ವಾಕ್ಯವೇ ಸಾಕು ಅಂತ ಬಿಟ್ಟರು. ಅವನಿಗೂ 120ರ ಕತ್ತಿಯನ್ನೇ ಹಿಡಿಯಿರಿ ಅಂತ ನಾನು ಹೇಳುವುದಿಲ್ಲ, ಚಿಕ್ಕಪ್ಪನ ಗೂಡಿನ ಕಾಗದ ನೆನಪಿದೆ. ಕಾಯಿಲೆಗೆ ಇಷ್ಟು ದಿನ, ಸುಮ್ಮನೆ ಎಳೆದರೆ ಇಷ್ಟು ದಂಡ, ಇದಕ್ಕೆ ಮೀರಿದರೆ ಇಲ್ಲ ಅಂತ ಓದಿದವನಿಗೆ ತಿಳಿಯುವ ಹಾಗೆ ಬರೆಯಬಹುದಲ್ಲ?

ಕಳೆದ ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಮುಂದಿನ ವಾಯಿದೆಯ ಚೀಟಿ ತೆಗೆದು ನನ್ನ ಕೈಗಿಟ್ಟರು. ತಾರೀಕಿನ ಕೆಳಗೆ ‘ಹಾಜರಾಗತಕ್ಕದ್ದು’ ಅಂತಿತ್ತು. “ಇದು ಬೇಕೋ, ಲೇಬೇಕೋ?” ಅಂದರು.

“ಹೋಗೇಬಿಡಿ ಅಪ್ಪ” ಅಂದೆ.