ಪಾತ್ರೆಪರಡಿಗಳ ನಡುವೆ ಪ್ರಾರ್ಥನೆ: ಸಹೋದರ ಲಾರೆನ್ಸನ ಗ್ರಂಥದ ಒಂದು ಪರಾಮರ್ಶೆ

ಭಕ್ತಿಗ್ರಂಥವೊಂದು ಬಹುಜನಪ್ರಿಯವಾದಾಗ ಅದಕ್ಕೊಂದು ವಿಶೇಷವಾದ ಅಪಾಯ ಒದಗುತ್ತದೆ. ಜನರು ಅದರಿಂದ ನಾಲ್ಕಾರು ಸವಿಮಾತುಗಳನ್ನು ಆಯ್ದುಕೊಂಡು, ಆ ಮಾತುಗಳನ್ನು ಗಳಿಸಿಕೊಟ್ಟ ಬಾಳನ್ನು ಬದಿಗಿರಿಸುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಮಠವೊಂದರಲ್ಲಿ ಬಾಳಿದ ಸಹೋದರ ಲಾರೆನ್ಸನ ಹೆಸರಿನಲ್ಲಿ ಪ್ರಚಲಿತವಾಗಿರುವ, ಕನ್ನಡದಲ್ಲಿ ನಾವು 'ದೇವಸಾನ್ನಿಧ್ಯದ ಅಭ್ಯಾಸ' ಎಂದು ಕರೆಯಬಹುದಾದ ಕಿರುಹೊತ್ತಗೆಗೆ ಹೀಗೆಯೇ ಆಗಿದೆ. ನಿತ್ಯಜೀವನದ ನಡುವೆ ಕ್ರೈಸ್ತಶ್ರದ್ಧೆಯನ್ನು ಪೋಷಿಸಿಕೊಳ್ಳಬಯಸುವವರಿಗೆ ಇದಕ್ಕಿಂತ ಸುಲಭವಾದ ಪುಸ್ತಕವಿಲ್ಲವೆಂಬ ಮಾತು ವಾಡಿಕೆಯಲ್ಲಿದೆ. ಈ ಸುಲಭತೆಯು ಗ್ರಂಥದ್ದೋ ಅಥವಾ ನಾವು ಓದುವ ರೀತಿಯದೋ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆತನ ಬಾಳನ್ನು ಸಂಕ್ಷೇಪವಾಗಿ ನೋಡೋಣ. ನಿಕೋಲಾ ಹೆರ್ಮಾನ್ ಎಂಬುದು ಆತನ ಪೂರ್ವಾಶ್ರಮದ ಹೆಸರು. ಲೊರೇನ್ ಪ್ರಾಂತದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ 1614ರ ಸುಮಾರಿನಲ್ಲಿ ಜನಿಸಿದನು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತಿದ್ದ ಮರವೊಂದನ್ನು ಕಂಡು, ಅದು ಮತ್ತೆ ಚಿಗುರಿ ಹೂಬಿಟ್ಟು ಫಲಿಸುವುದನ್ನು ನೆನೆದಾಗ ದೇವರ ಶಕ್ತಿಯ ದರ್ಶನವು ಆತನಿಗಾಯಿತು. ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕನಾಗಿ ಗಾಯಗೊಂಡು ಕುಂಟನಾದನು. ಬಳಿಕ ಫಿಯೊಬೆ ಎಂಬ ಕೋಶಾಧಿಕಾರಿಯ ಮನೆಯಲ್ಲಿ ಆಳಾಗಿದ್ದನು. ಕೈಗೆ ಸಿಕ್ಕಿದ ವಸ್ತುಗಳನ್ನೆಲ್ಲ ಒಡೆದುಹಾಕುವ ಒಡ್ಡನೆಂದು ತನ್ನನ್ನು ತಾನೇ ವರ್ಣಿಸಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸಿನ ಬರಿಗಾಲ ಕಾರ್ಮೆಲೈಟರ ಮಠವನ್ನು ಸೇರಿದನು. ಪಾದ್ರಿಯಾಗಿ ಅಲ್ಲ, ಕೈಗೆಲಸಕ್ಕೆ ನೇಮಕವಾದ ಸೇವಾಸಹೋದರನಾಗಿ. ಸುಮಾರು ಹದಿನೈದು ವರ್ಷ ಅಡಿಗೆಮನೆಯಲ್ಲಿ ದುಡಿದು, ಆಮೇಲೆ ಮಠದವರ ಪಾದರಕ್ಷೆಗಳನ್ನು ಸರಿಪಡಿಸುತ್ತ, 1691ರ ಫೆಬ್ರವರಿ 12ರಂದು ದೇಹತ್ಯಾಗ ಮಾಡಿದನು.

ಇಲ್ಲಿ ವಾಚಕರು ಗಮನಿಸಬೇಕಾದ ಮೊದಲನೆಯ ಸಂಗತಿಯೆಂದರೆ, ಲಾರೆನ್ಸನು ಗ್ರಂಥಕರ್ತನಲ್ಲ. ಆತನು ಬದುಕಿದ್ದಾಗ ಯಾವ ಪುಸ್ತಕವನ್ನೂ ಪ್ರಕಟಿಸಲಿಲ್ಲ. ಆತನನ್ನು ಕಂಡು ಮಾತನಾಡಿದ್ದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು 1692ರಲ್ಲಿ ಆತನ ಸೂತ್ರಗಳನ್ನೂ ಪತ್ರಗಳನ್ನೂ, 1694ರಲ್ಲಿ ಆತನ ನಡೆ ಮತ್ತು ಸಂಭಾಷಣೆಗಳನ್ನೂ ಅಚ್ಚುಹಾಕಿಸಿದನು. ಆದುದರಿಂದ ನಮ್ಮ ಕೈಯಲ್ಲಿರುವುದು ಎರಡು ಬೇರೆ ಬೇರೆ ಬಗೆಯ ಬರಹ. ಸಂಭಾಷಣೆಗಳು ನಾಲ್ಕು, ಅವು ಕೇಳಿದವನು ಬರೆದಿಟ್ಟವು. ಪತ್ರಗಳು ಹದಿನೈದು ಹದಿನಾರು. ಅವು ಆತನ ಸ್ವಂತದವು. ಜನರ ಬಾಯಲ್ಲಿರುವ ಸವಿಮಾತುಗಳಲ್ಲಿ ಹೆಚ್ಚಿನವು ಸಂಭಾಷಣೆಗಳಿಂದ ಬಂದವು. ಮೊದಲನೆಯ ಸಂಭಾಷಣೆಯ ದಿನಾಂಕ 1666ರ ಆಗಸ್ಟ್ 3. ಅಂದು ಲಾರೆನ್ಸನಿಗೆ ಐವತ್ತು ದಾಟಿತ್ತು, ಮಠಕ್ಕೆ ಬಂದು ಇಪ್ಪತ್ತಾರು ವರ್ಷಗಳಾಗಿದ್ದವು. ಬೋಫೋರನು ಕಂಡದ್ದು ಫಲ ಬಿಟ್ಟ ಮರವನ್ನು. ಎಲೆಯುದುರಿದ ಕಾಲವನ್ನು ಆತನು ಕಂಡಿರಲಿಲ್ಲ.

ಈ ವಿವೇಚನೆಯಿಲ್ಲದೆ ಓದುವವರು ಲಾರೆನ್ಸನನ್ನು ತನ್ನ ಅಡಿಗೆಕೆಲಸವನ್ನು ಪ್ರೀತಿಸಿದ ಸಂತುಷ್ಟ ಜೀವಿಯೆಂದು ಭಾವಿಸುತ್ತಾರೆ. ಗ್ರಂಥವು ಹೇಳುವುದು ಇದಕ್ಕೆ ವಿರುದ್ಧವಾಗಿದೆ. ಅಡಿಗೆಮನೆಯ ವಿಷಯದಲ್ಲಿ ಆತನಿಗೆ ಸ್ವಭಾವತಃ ಬಹಳ ಜುಗುಪ್ಸೆಯಿತ್ತೆಂದು ಸಂಭಾಷಣೆಯಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಮಠಕ್ಕೆ ದ್ರಾಕ್ಷಾರಸ ಕೊಂಡುತರಲು ಆತನನ್ನು ಬರ್ಗಂಡಿ ಪ್ರಾಂತಕ್ಕೆ ಕಳುಹಿಸಿದ ಪ್ರಸಂಗವನ್ನು ನೋಡಬಹುದು. ಆತನಿಗೆ ವ್ಯಾಪಾರದ ಚಾತುರ್ಯವಿರಲಿಲ್ಲ. ಕುಂಟುಕಾಲಿನಿಂದಾಗಿ ದೋಣಿಯಲ್ಲಿ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗಬೇಕಾಯಿತು. ಇಷ್ಟವಿಲ್ಲದ, ಕೈಲಾಗದ, ಹಾಸ್ಯಾಸ್ಪದವಾದ ಈ ಕೆಲಸದಲ್ಲಿಯೂ ಆತನು ಇದು ದೇವರ ಕಾರ್ಯವೆಂದು ನಿವೇದಿಸಿ ಮುಂದುವರಿದನು. ಕೆಲಸ ಹಿತವಾಗಿದ್ದುದರಿಂದ ಭಕ್ತಿ ಬೆಳೆಯಿತೆಂಬುದಕ್ಕೆ ಇಲ್ಲಿ ಆಧಾರವಿಲ್ಲ. ಹಿತವಲ್ಲದ ಕೆಲಸದ ನಡುವೆ ಭಕ್ತಿ ಬೆಳೆಯಿತೆಂಬುದೇ ಗ್ರಂಥದ ಸಾಕ್ಷ್ಯ.

ಇನ್ನೂ ಮುಖ್ಯವಾದ ಸಾಕ್ಷ್ಯವಿರುವುದು ಪತ್ರಗಳಲ್ಲಿ. ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಒಂದು ಪತ್ರದಲ್ಲಿ ಆತನು ಒಪ್ಪಿಕೊಂಡಿದ್ದಾನೆ. ಪದೇ ಪದೇ ಬೀಳುತ್ತಿದ್ದನು, ಏಳುತ್ತಿದ್ದನು. ಸೃಷ್ಟಿಯೂ ವಿವೇಕವೂ ಕಡೆಗೆ ದೇವರೂ ತನಗೆ ವಿರೋಧವಾಗಿರುವಂತೆ ತೋರುತ್ತಿತ್ತು. ತನಗೆ ನರಕವೇ ಗತಿಯೆಂಬ ಭಾವನೆ ನಾಲ್ಕು ವರ್ಷ ಕಾಡಿತೆಂದು ಸಂಭಾಷಣೆಯೊಂದರಲ್ಲಿಯೂ ಬಂದಿದೆ. ಆ ಕಾಲದಲ್ಲಿ ಆತನನ್ನು ಉಳಿಸಿದ್ದು ಯಾವ ಸುಖಾನುಭವವೂ ಅಲ್ಲ. ಏನಾದರಾಗಲಿ, ಸಾಯುವವರೆಗೆ ದೇವರ ಪ್ರೀತಿಗಾಗಿಯೇ ನಡೆಯುವೆನೆಂಬ ನಿಶ್ಚಯ. ಈ ಹತ್ತು ವರ್ಷಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಓದುವುದು ಗ್ರಂಥಕ್ಕೆ ಅನ್ಯಾಯ. ಓದುಗನಿಗೆ ಅದಕ್ಕಿಂತ ಹೆಚ್ಚಿನ ಅನ್ಯಾಯ.

ಈ ಮಾತನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಈತನ ಮಾತುಗಳ ಒಂದು ಸಣ್ಣ ಸಂಕಲನ ನನ್ನ ಕೈಗೆ ಬಂದಿತು. ಲೆಕ್ಕದ ನಡುವೆಯೂ ದೇವರ ನೆನಪನ್ನು ಉಳಿಸಿಕೊಳ್ಳಬೇಕೆಂದು ಪ್ರಯತ್ನಿಸಿದೆ. ಮಧ್ಯಾಹ್ನದ ಹೊತ್ತಿಗೆ ನೆನಪು ಹಾರಿಹೋಗಿರುತ್ತಿತ್ತು; ಸಂಜೆಗೆ ಉಳಿಯುತ್ತಿದ್ದುದು ನಾಚಿಕೆ ಮಾತ್ರ. ಕೆಲವೇ ವಾರಗಳಲ್ಲಿ, ನನ್ನಲ್ಲಿ ಶ್ರದ್ಧೆಯೇ ಇಲ್ಲವೆಂದು ತೀರ್ಮಾನಿಸಿ ಕೈಬಿಟ್ಟೆ. ಹಲವು ವರ್ಷಗಳ ಮೇಲೆ ಪತ್ರಗಳನ್ನು ಪೂರ್ತಿಯಾಗಿ ಓದಿದಾಗ, ನನ್ನ ಸೋಲೆಂದು ಭಾವಿಸಿದ್ದುದು ಆತನ ಅಭ್ಯಾಸದ ಮೊದಲ ಮೆಟ್ಟಿಲೆಂಬುದು ತಿಳಿಯಿತು.

ಹಾಗಾದರೆ ಆ ಅಭ್ಯಾಸದ ಸ್ವರೂಪವೇನು? ಅದರಲ್ಲಿ ನಿಯತವಾದ ಮಂತ್ರವಿಲ್ಲ, ಎಣಿಕೆಯಿಲ್ಲ. ಕೆಲಸದ ನಡುವೆ ಕ್ಷಣಮಾತ್ರ ಹೃದಯವನ್ನು ದೇವರ ಕಡೆಗೆತ್ತುವುದು, ಒಳಗೊಳಗೇ ಒಂದು ಮಾತನಾಡುವುದು, ಇಷ್ಟೆ. ಸೈನ್ಯದಲ್ಲಿದ್ದವನೊಬ್ಬನಿಗೆ ಕತ್ತಿ ಹಿರಿದು ನಡೆಯುವಾಗಲೂ ಇದು ಸಾಧ್ಯವೆಂದು ತಿಳಿಸಿದ್ದಾನೆ. ಆದರೆ ಆತನ ಉಪದೇಶದ ಮರ್ಮವಿರುವುದು ಮರೆವಿನ ವಿಷಯದಲ್ಲಿ. ಮನಸ್ಸು ಅಲೆದಾಗ ಅದನ್ನು ದಂಡಿಸಬಾರದು, ಮೆಲ್ಲನೆ ಮರಳಿ ತರಬೇಕು. ತಪ್ಪಾದಾಗ, ನನ್ನಷ್ಟಕ್ಕೆ ಬಿಟ್ಟರೆ ನಾನು ಮಾಡುವುದು ಇಷ್ಟೇ ಎಂದು ದೇವರಲ್ಲಿ ಒಪ್ಪಿಕೊಂಡು, ಆಮೇಲೆ ಅದರ ಚಿಂತೆಯನ್ನು ಬಿಡಬೇಕು. ದಿನದ ಲೆಕ್ಕವನ್ನು ಮುಗಿಸುವ ಯಾವ ನೌಕರನಿಗೂ ಇದು ಅರ್ಥವಾಗುವ ಮಾತು: ವ್ಯತ್ಯಾಸವನ್ನು ಮರೆಮಾಡಬಾರದು, ಒಪ್ಪಿ ಸರಿಪಡಿಸಿದ ಮೇಲೆ ಅದನ್ನು ಮರುದಿನಕ್ಕೆ ಎಳೆದೊಯ್ಯಲೂ ಬಾರದು. ಕೊರಗನ್ನೇ ಭಕ್ತಿಯೆಂದು ತಿಳಿದವರಿಗೆ ಇದಕ್ಕಿಂತ ಹಿತವಾದ ಔಷಧವಿಲ್ಲ.

ಕನ್ನಡಿಗನಾದ ಓದುಗನಿಗೆ ಇಲ್ಲಿ ವಚನಕಾರರ ಕಾಯಕತತ್ತ್ವದ ನೆನಪಾಗುವುದು ಸಹಜ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೂ ಹಗ್ಗ ಹೊಸೆದ ನುಲಿಯ ಚಂದಯ್ಯನೂ ದುಡಿಮೆಯ ನಡುವೆಯೇ ಶಿವನನ್ನು ಕಂಡವರು. ಆದರೂ ಇವೆರಡನ್ನೂ ಒಂದೇ ಎನ್ನುವುದು ಆತುರದ ತೀರ್ಪಾದೀತು. ಶರಣರಿಗೆ ಕಾಯಕವೇ ಪವಿತ್ರ. ಅದನ್ನು ಶುದ್ಧವಾಗಿ ಮಾಡುವುದೇ ಪೂಜೆ. ಲಾರೆನ್ಸನಿಗೆ ಕೆಲಸವು ತಾನಾಗಿ ಪವಿತ್ರವಲ್ಲ, ಅಪವಿತ್ರವೂ ಅಲ್ಲ. ಅದು ಯಾರ ಪ್ರೀತಿಗಾಗಿ ನಡೆಯುತ್ತದೆಂಬುದರ ಮೇಲೆ ಅದರ ಬೆಲೆ ನಿಂತಿದೆ. ಅಡಿಗೆಯನ್ನು ಬಿಡಿಸಿ ಚಪ್ಪಲಿ ಹೊಲಿಯಲು ಕೂರಿಸಿದಾಗ ಆತನು ಅಷ್ಟೇ ಸಮಾಧಾನದಿಂದಿದ್ದನು. ಅದನ್ನೂ ಬಿಡಲು ಸಿದ್ಧನಾಗಿದ್ದನು.

ಈ ಹೋಲಿಕೆಯು ಗ್ರಂಥದ ಒಂದು ಕೊರತೆಯನ್ನೂ ತೋರಿಸಿಕೊಡುತ್ತದೆ. ಶರಣರಲ್ಲಿ ಕಾಯಕದ ಫಲವು ದಾಸೋಹಕ್ಕೆ ಸಲ್ಲುತ್ತದೆ. ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಪತಿಗೆ ಹೇಳಿದ ಲಕ್ಕಮ್ಮನ ಕಥೆಯಲ್ಲಿ ನೆರೆಯವನ ಹಸಿವಿನ ಪ್ರಜ್ಞೆಯಿದೆ. ಲಾರೆನ್ಸನ ಸಂಭಾಷಣೆ ಪತ್ರಗಳಲ್ಲಿ ಅಡಿಗೆಯುಂಟು, ದೇವರುಂಟು. ಉಣ್ಣುವವರ ಮುಖ ಕಾಣುವುದು ವಿರಳ. ದೇವರ ಮೇಲಿನ ಪ್ರೀತಿಯನ್ನು ನೆರೆಯವರ ಮೇಲಿನ ಪ್ರೀತಿಯಿಂದ ಕ್ರಿಸ್ತನು ಬೇರ್ಪಡಿಸಲಿಲ್ಲವಷ್ಟೆ. ಮನೆಮಕ್ಕಳೂ ವೃದ್ಧ ತಾಯ್ತಂದೆಗಳೂ ಇರುವ ಸಂಸಾರಿಯು ಈ ಭಾಗವನ್ನು ಸುವಾರ್ತೆಗಳಿಂದಲೇ ತುಂಬಿಕೊಳ್ಳಬೇಕು. ಮಠದ ಗಂಟೆ ಲಾರೆನ್ಸನ ದಿನವನ್ನು ಕ್ರಮಪಡಿಸುತ್ತಿತ್ತು. ನಮ್ಮ ದಿನಕ್ಕೆ ಅಂಥ ಗಂಟೆಯಿಲ್ಲವೆಂಬುದನ್ನೂ ಮರೆಯಲಾಗದು.

ಗ್ರಂಥದ ಮುಂದಿನ ಚರಿತ್ರೆ ಸ್ವಾರಸ್ಯಕರವಾದುದು. ಲಾರೆನ್ಸನನ್ನು ಬಲ್ಲವನಾಗಿದ್ದ ಆರ್ಚ್‌ಬಿಷಪ್ ಫೆನೆಲೋನನ ಕೃತಿಯೊಂದು ನಿಷ್ಕ್ರಿಯಭಕ್ತಿಯ ವಾದಕ್ಕೆ ಸಿಲುಕಿ 1699ರಲ್ಲಿ ಪೋಪರ ಖಂಡನೆಗೆ ಗುರಿಯಾಯಿತು. ಆ ನೆರಳು ಈ ಬಡ ಸಹೋದರನ ಮೇಲೂ ಬಿದ್ದಿತು. ಅವನನ್ನು ಎತ್ತಿ ಹಿಡಿದವರಲ್ಲಿ ಪ್ರಾಟೆಸ್ಟಂಟರು ಪ್ರಮುಖರು. ಇಂಗ್ಲೆಂಡಿನ ಜಾನ್ ವೆಸ್ಲಿಯು ತನ್ನ ಕ್ರೈಸ್ತ ಗ್ರಂಥಮಾಲೆಯಲ್ಲಿ ಅವನಿಗೆ ಸ್ಥಾನ ಕೊಟ್ಟನು. ಪಂಥಗಳ ಗೋಡೆಯನ್ನು ದಾಟಿ ಈ ಪುಸ್ತಕ ಬದುಕಿದ್ದಕ್ಕೆ ಅದರ ಪ್ರಾಮಾಣಿಕತೆಯೇ ಕಾರಣವೆಂದು ನನ್ನ ಅಭಿಪ್ರಾಯ.

ಆದುದರಿಂದ ಈ ಹೊತ್ತಗೆಯನ್ನು ಹೊಸದಾಗಿ ಓದುವವರಿಗೆ ನನ್ನ ವಿನಂತಿ ಇಷ್ಟೆ: ಪತ್ರಗಳನ್ನು ಮೊದಲು ಓದಿರಿ, ಸಂಭಾಷಣೆಗಳನ್ನು ಆಮೇಲೆ. ಹತ್ತು ವರ್ಷಗಳ ಕಷ್ಟವನ್ನು ತಿಳಿದ ಮೇಲೆ ಆತನ ಶಾಂತಿಯು ನಮ್ಮನ್ನು ಹೀಗಳೆಯುವುದಿಲ್ಲ, ಕೈಹಿಡಿದು ಕರೆದೊಯ್ಯುತ್ತದೆ. ಮರೆತವನು ಮತ್ತೆ ನೆನೆಯಬಹುದು. ದಿನಕ್ಕೆ ನೂರು ಸಲ ಮರೆತರೂ ನೂರೊಂದನೆಯ ಸಲ ನೆನೆಯಲು ಅಡ್ಡಿಯಿಲ್ಲ.