ಚಿತ್ರ ಕೈಯಲ್ಲಿ ಮಾತ್ರವೆ? ಮೆಕ್‌ನೀಲ್ ಸಿದ್ಧಾಂತ ಮತ್ತು ಕನ್ನಡದ ಅನುಕರಣಾವ್ಯಯಗಳು

ಮಾತು ಮತ್ತು ಕೈಸನ್ನೆಗಳ ಸಂಬಂಧವನ್ನು ಕುರಿತು ಬರೆಯುವವರು ಡೇವಿಡ್ ಮೆಕ್‌ನೀಲ್ ಅವರನ್ನು ಬದಿಗಿಟ್ಟು ಮುಂದುವರಿಯಲಾರರು. 1992ರ 'ಹ್ಯಾಂಡ್ ಅಂಡ್ ಮೈಂಡ್' ಕೃತಿಯ ಮುಖ್ಯ ಪ್ರತಿಪಾದನೆಯೆಂದರೆ, ಸನ್ನೆ ಮಾತಿಗೆ ಅಂಟಿಸಿದ ಅಲಂಕಾರವಲ್ಲ, ಎರಡೂ ಒಂದೇ ಮನೋವ್ಯಾಪಾರದ ಎರಡು ಮುಖಗಳು. ಇದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಆ ಮುಖಗಳನ್ನು ಅವರು ವರ್ಣಿಸುವ ಬಗೆಯನ್ನು ಕುರಿತದ್ದು. ಅವರ ಪ್ರಕಾರ ಮಾತು ಖಂಡಖಂಡವಾದುದು, ರೂಢಿಬದ್ಧವಾದುದು. ಸನ್ನೆ ಅಖಂಡವಾದುದು, ಚಿತ್ರಾತ್ಮಕವಾದುದು, ಆ ಕ್ಷಣದಲ್ಲಿ ಹುಟ್ಟುವಂಥದ್ದು. ಈ ವಿರುದ್ಧಗುಣಗಳ ಘರ್ಷಣೆಯಿಂದಲೇ ಆಲೋಚನೆ ಚಲಿಸುತ್ತದೆ. ಅದರ ಮೂಲಘಟಕವೇ 'ಗ್ರೋತ್ ಪಾಯಿಂಟ್'.

ಈ ವಿಭಜನೆ ಇಂಗ್ಲಿಷಿಗೆ ಎಷ್ಟು ಒಗ್ಗುತ್ತದೋ ಕನ್ನಡಕ್ಕೆ ಅಷ್ಟು ಒಗ್ಗುವುದಿಲ್ಲ. 'ಧೊಪ್ಪನೆ ಬಿದ್ದ', 'ಸರ್ರನೆ ಜಾರಿದ', 'ದುಡುದುಡು ಓಡಿದ' ಎಂಬಲ್ಲಿ ಚಿತ್ರ ಇರುವುದು ಬಾಯಲ್ಲೇ. 'ಪಟ್' ಎಂದರೆ ಒಮ್ಮೆ, 'ಪಟಪಟ' ಎಂದರೆ ಮೇಲಿಂದ ಮೇಲೆ. ಜಾರಿಕೆ ದೀರ್ಘವಾದರೆ 'ಸರ್ರ್ರ್ರನೆ' ಎಂದು ರೇಫವನ್ನೂ ಎಳೆಯುತ್ತೇವೆ. ಅವಧಿಯನ್ನು ಅವಧಿಯಿಂದಲೇ ತೋರುತ್ತೇವೆ. ಹಾಗೆಂದು ಇವು ಬರಿಯ ಸದ್ದಿನ ಅನುಕರಣೆಗಳಲ್ಲ: 'ಥಳಥಳ', 'ಮಿಣಮಿಣ', 'ಜುಮ್ಮನೆ' ಎಂಬವುಗಳಲ್ಲಿ ಅನುಕರಿಸಲು ಸದ್ದೇ ಇಲ್ಲ. ಸ್ವೇಚ್ಛೆಯ ಸೃಷ್ಟಿಗಳೂ ಅಲ್ಲ. 'ಧೊಪ್' ಎಂಬುದನ್ನು 'ಪೊಧ್' ಎಂದು ತಿರುಗಿಸಿದರೆ ಯಾರೂ ಒಪ್ಪರು. ರೂಢಿ ಮತ್ತು ಚಿತ್ರ ಒಂದೇ ಪದದಲ್ಲಿ ಕೂಡಿರುವಾಗ ಘರ್ಷಣೆ ಯಾವುದರ ನಡುವೆ? ಎಮೆನೋ 1969ರಲ್ಲಿಯೇ ಇಂತಹ ಪದಗಳನ್ನು ಭಾರತೀಯ ಭಾಷಾವಲಯದ ಸಮಾನ ಲಕ್ಷಣವೆಂದು ಗುರುತಿಸಿದ್ದರು. ಆದ್ದರಿಂದ ಇದು ಕನ್ನಡವೊಂದರ ಹಠವಲ್ಲ.

ಸೋತರೊ ಕಿಟಾ 1997ರಲ್ಲಿ ಜಪಾನಿ ಭಾಷೆಯ ಇಂಥ ಪದಗಳಿಗೆ ಬೇರೆಯೇ ಒಂದು ಅರ್ಥಸ್ತರವನ್ನು ಕಲ್ಪಿಸಿದರು. ಅವು ಸನ್ನೆಯೊಡನೆ ಒಟ್ಟಾಗಿ ಬರುವುದೂ ನಿಷೇಧಕ್ಕೆ ಒಗ್ಗದಿರುವುದೂ ಅವರ ಆಧಾರಗಳಲ್ಲಿ ಸೇರಿದ್ದವು. 2001ರಲ್ಲಿ ನತ್ಸುಕೊ ತ್ಸುಜಿಮುರಾ ಇದನ್ನು ಪ್ರಶ್ನಿಸಿದರು. ಕನ್ನಡದ ಸಾಕ್ಷ್ಯ ಪ್ರಶ್ನಿಸಿದವರ ಕಡೆಗೇ ವಾಲುತ್ತದೆ. 'ಧೊಪ್ಪನೆ ಬೀಳಲಿಲ್ಲ' ಎಂಬುದು ಸಂದರ್ಭವಿಲ್ಲದೆ ವಿಚಿತ್ರವೆನಿಸಿದರೂ, 'ಧೊಪ್ಪನೆ ಬೀಳಲಿಲ್ಲ, ಮೆಲ್ಲಗೆ ಜಾರಿ ಕೂತ' ಎಂಬುದರಲ್ಲಿ ಯಾವ ತೊಡಕೂ ಇಲ್ಲ. ಚಿತ್ರವನ್ನು ವ್ಯಾಕರಣದ ಹೊರಗೆ ಕೂರಿಸುವ ಅಗತ್ಯವಿಲ್ಲ.

ಇನ್ನೂ ಗಮನಾರ್ಹವಾದುದು 'ಎಂದು' ಎಂಬ ಅವ್ಯಯ. ಅದು ಉದ್ಧರಿಸಿದ ಮಾತನ್ನೂ ತೆಗೆದುಕೊಳ್ಳುತ್ತದೆ, 'ಧಡ್ ಎಂದು' ಎಂಬಂತೆ ಅನುಕರಣವನ್ನೂ ತೆಗೆದುಕೊಳ್ಳುತ್ತದೆ. 'ಬಾ ಎಂದು ಕೈಬೀಸಿದಳು', 'ಬೇಡ ಎಂದು ತಲೆಯಾಡಿಸಿದ' ಎಂಬಲ್ಲಿ ಒಂದು ಶಬ್ದವೂ ಉಚ್ಚಾರವಾಗಿರಬೇಕಿಲ್ಲ. ಆದರೂ ವ್ಯಾಕರಣ ಸನ್ನೆಯನ್ನು ನುಡಿಯಾಗಿಯೇ ಉದ್ಧರಿಸುತ್ತದೆ. ಇವು ರೂಢಿಗೊಂಡ ಸನ್ನೆಗಳೆಂದೂ ತಮ್ಮ ಸಿದ್ಧಾಂತ ತತ್‌ಕ್ಷಣದ ಸನ್ನೆಗಳನ್ನು ಕುರಿತದ್ದೆಂದೂ ಮೆಕ್‌ನೀಲ್ ಪಕ್ಷದವರು ಹೇಳಬಹುದು. ನ್ಯಾಯವೇ. ಅದಕ್ಕಿಂತ ಬಲವಾದ ಅವರ ಉತ್ತರ ಬೇರೊಂದಿದೆ: ಸಂದರ್ಭದ ಹಿನ್ನೆಲೆಯಲ್ಲಿ ಹೊಸದಾಗಿ ಎದ್ದು ಕಾಣುವ ಅಂಶವೇ ಗ್ರೋತ್ ಪಾಯಿಂಟ್. ಈ ವ್ಯಾಖ್ಯೆ ಉಳಿಯುತ್ತದೆ, ಆದರೆ ಅದಕ್ಕೆ ಕೈ ಮತ್ತು ಬಾಯಿಗಳ ಗುಣಭೇದ ಬೇಕಾಗಿಲ್ಲ.

ದಿನನಿತ್ಯದ ಸಂವಹನದ ಬಗೆಗಿನ ಈ ಚರ್ಚೆಯ ಬಹುಪಾಲು ನಿಂತಿರುವುದು ಸಿಲ್ವೆಸ್ಟರ್ ಬೆಕ್ಕಿನ ಕಾರ್ಟೂನ್ ಕಥೆಯ ಮರುಕಥನದ ಮೇಲೆ ಎಂಬುದನ್ನೂ ಮರೆಯಬಾರದು. ಆ ಬೆಕ್ಕಿನ ಕಥೆಯನ್ನೇ ಕನ್ನಡಿಗರಿಂದ ಹೇಳಿಸೋಣ. ಆದರೆ ಲಿಪ್ಯಂತರದಲ್ಲಿ 'ಸರ್ರ್ರ್ರನೆ' ಎಂಬುದನ್ನು ನಿಘಂಟಿನ 'ಸರ್ರನೆ'ಯಾಗಿ ತಿದ್ದುವ ನಮ್ಮ ವಿದ್ಯಾರ್ಥಿಗಳ ಅಭ್ಯಾಸ ಮೊದಲು ನಿಲ್ಲಬೇಕು. ತಿದ್ದಿದಾಗ ಅಳಿಸಿಹೋಗುವುದು ನಾವು ಹುಡುಕುತ್ತಿರುವ ಸಾಕ್ಷ್ಯವೇ. ಚಿತ್ರ ಒದಗಿಸುವುದು ಕೈಯ ವಿಶೇಷ ಕೆಲಸವಾಗಿದ್ದರೆ, ಅನುಕರಣಪದ ಬಂದೆಡೆ ಕೈ ಸುಮ್ಮನಿರಬೇಕು. ಸನ್ನೆಯ ಹೊಡೆತ ಸರಿಯಾಗಿ ಆ ಪದದ ಮೇಲೆಯೇ ಬೀಳುತ್ತದೆ ಎಂಬುದು ನನ್ನ ನಿರೀಕ್ಷೆ.